ಒಂದು ದಿನ ಮೊದಲೇ ಬಂದವರು

ಆ ವಾರ ನಾವೆಲ್ಲ ಇನ್ಯಾರೋ ಆಗಿದ್ದೆವು. ಮಕ್ಕಳ ಮತ್ತು ಮನೆಯವರ ಮನಸ್ಸಿನ ಆರೈಕೆಗೆಂದು ಸರ್ಕಾರ ತೆರೆಯುತ್ತಿದ್ದ ಮೊದಲ ಕೇಂದ್ರ ನಮ್ಮದು. ಹಳೆಯ ಅಂಚೆ ಕಚೇರಿಯ ಮಹಡಿಯಲ್ಲಿ ಮೂರು ಕೋಣೆ. ಬಾಗಿಲು ತೆರೆಯುವ ಮುನ್ನ ತಾಲೀಮು ಆಗಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ವ್ಯಾನಿನ ಚಾಲಕ ಶಾಲೆಗೆ ಹೆದರುವ ಹುಡುಗನಾದ. ಕಸ ಗುಡಿಸುವ ದೊಡ್ಡಮ್ಮ ಅವನ ಅಜ್ಜಿಯಾದಳು. ಅಷ್ಟುದ್ದ ಮೀಸೆಯ ಚಾಲಕ "ಹೊಟ್ಟೆನೋವು, ಹೋಗಲ್ಲ" ಎಂದು ರಚ್ಚೆ ಹಿಡಿದಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮೂರನೆಯ ದಿನ ದೊಡ್ಡಮ್ಮ ನಿಜವಾಗಿಯೇ ಅತ್ತಳು, ಯಾಕೆಂದು ಹೇಳಲಿಲ್ಲ. ಹೊಸ ಬಣ್ಣದ ವಾಸನೆ, ನೀಲಿ ಪರದೆಯಿಂದ ಸೋಸಿ ಬರುವ ಬೆಳಕು, ಇಲ್ಲದ ಮಕ್ಕಳ ಕಡತಗಳು. ಸಂಜೆ ಮನೆಗೆ ಹೊರಟರೆ ಬೀದಿಯ ಜನರೂ ಯಾರದೋ ಪಾತ್ರ ಮಾಡುತ್ತಿರುವಂತೆ ಕಾಣುತ್ತಿದ್ದರು.

ನಾನು ಅಲ್ಲಿನ ಮೇಲ್ವಿಚಾರಕಿ. ಕೋಪ ನನಗೆ ಮೂಗಿನ ತುದಿಯಲ್ಲೇ. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳು ದಿನವಿಡೀ ಸರದಿಯಲ್ಲಿ ನಿಂತು ಬಂದ ದಾರಿಗೆ ಸುಂಕವಿಲ್ಲದೆ ಮರಳುವುದನ್ನು ನೋಡಿ ನೋಡಿ ಸಾಕಾಗಿ, ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಈ ಮೂರು ಕೋಣೆ ಗಿಟ್ಟಿಸಿದ್ದೆ. ಒಂದು ಕುರ್ಚಿ ಓರೆಯಾದರೂ ಕಿರುಚುತ್ತಿದ್ದೆ. "ಇಲ್ಲಿ ಮೊದಲು ಚಿಕಿತ್ಸೆ ಬೇಕಾಗಿರೋದು ನಿಮಗೇ" ಎಂದು ಕೇಂದ್ರದ ಡಾಕ್ಟರು ಕಿಚಾಯಿಸುತ್ತಿದ್ದರು.

ಕೊನೆಯ ತಾಲೀಮಿಗೆ ನಾಟಕ ತಂಡದ ಒಂದು ಕುಟುಂಬ ಮೂರು ಗಂಟೆಗೆ ಬರಬೇಕಿತ್ತು. ಎರಡೂವರೆಗೇ ಬಾಗಿಲಲ್ಲಿ ಒಬ್ಬ ತಾಯಿ, ಅವಳ ಬೆನ್ನಿಗೆ ಅಂಟಿಕೊಂಡು ಎಂಟು ವರ್ಷದ ಮಗಳು.

"ಒಳಗೆ ಬರಬಹುದಾ?"

"ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ."

ಅಷ್ಟಕ್ಕೇ ತಾಯಿಯ ಕಣ್ಣು ತುಂಬಿತು. ಎಂಥ ಕಲಾವಿದೆ ಎಂದುಕೊಂಡೆ.

ಅಪ್ಪ ಮನೆ ಬಿಟ್ಟು ಹೋದಂದಿನಿಂದ ಮಗಳು ಒಂದು ಮಾತೂ ಆಡಿಲ್ಲ, ನಾಲ್ಕು ತಿಂಗಳಾಯಿತು ಎಂದು ತಾಯಿ ಅಳುತ್ತಲೇ ಹೇಳಿದಳು. ಅಷ್ಟರಲ್ಲಿ ಹುಡುಗಿ ಮೇಜಿನ ಕೆಳಗೆ ಸೇರಿದ್ದಳು. ಡಾಕ್ಟರು ಕನ್ನಡಕ ತೆಗೆದಿಟ್ಟು ತಾವೂ ಮೇಜಿನ ಕೆಳಗೆ ತೂರಿದರು. ಏನೂ ಕೇಳಲಿಲ್ಲ. ಅರ್ಧ ಗಂಟೆ ಇಬ್ಬರೂ ಅಲ್ಲೇ. ನಾಲ್ಕು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕೋಣೆಯೇ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸಿತು. ಒಂದು ಪುಟ್ಟ ಪಾದ ನಿಧಾನವಾಗಿ ಸರಿದು ಡಾಕ್ಟರ ಪಾದಕ್ಕೆ ತಾಗಿ ನಿಂತಿತು. ನಾನು ಮೂಲೆಯಲ್ಲಿ ನಿಂತು ಅಂಕ ಹಾಕುತ್ತಿದ್ದೆ.

ಮುಗಿದ ಮೇಲೆ ತಾಯಿಗೆ ಹೇಳಿದೆ: "ಮಗು ಚೆನ್ನಾಗಿ ಮಾಡಿದ್ಲು. ನಿಮ್ಮ ಅಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು. ನಿಜವಾದ ತಾಯಂದಿರು ಹೊರಗಿನವರ ಮುಂದೆ ಅಷ್ಟು ಅಳಲ್ಲ."

ಅವಳು ಮಿಕಮಿಕ ನೋಡಿದಳು. ಆಗಲೇ ಮೆಟ್ಟಿಲಲ್ಲಿ ಗದ್ದಲ. ಒಬ್ಬ ದಪ್ಪ ಗಂಡಸು, ಒಬ್ಬ ಹೆಂಗಸು, ಜಡೆಯ ಹುಡುಗಿ ಏದುಸಿರು ಬಿಡುತ್ತ ಬಂದರು.

"ಕ್ಷಮಿಸಿ ಮೇಡಂ, ಬಸ್ ತಪ್ಪಿಹೋಯ್ತು. ನಾಟಕ ತಂಡದವರು ನಾವು."

ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಬೋರ್ಡ್ ನೋಡಿ ಬಂದ್ವಿ," ಎಂದಳು ತಾಯಿ. "ನಾಳೆಯಿಂದ ಅಂತ ಇರೋದು ಗಮನಿಸ್ಲಿಲ್ಲ. ಶಾಲೆಯಲ್ಲೂ ಬೇಕಂತಲೇ ಮಾಡ್ತಾಳೆ ಅಂದ್ರು. ನೀವೂ ಹಾಗೇ ಅಂದ್ಕೊಂಡ್ರಾ?"

ಮೇಜಿನ ಕೆಳಗಿಂದ ಬಂದ ಹುಡುಗಿ ನನ್ನನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಬಾಗಿಲೆಳೆದ ಅಂಗಡಿಯಂತೆ ಮುಚ್ಚಿಹೋಗಿತ್ತು.

ತಾಯಿ ಮಗಳ ಕೈ ಹಿಡಿದು ಹೊರಟೇಬಿಟ್ಟಳು. ಬರಿಗಾಲಲ್ಲೇ ಅವರ ಹಿಂದೆ ಬಸ್ ನಿಲ್ದಾಣದವರೆಗೆ ಓಡಿದೆ. "ತಪ್ಪು ನಂದು ಕಣಮ್ಮ. ನನ್ನ ಮುಖ ನೋಡಬೇಡಿ, ಬೈಯಿರಿ, ಆದ್ರೆ ನಾಳೆ ಮಗೂನ ಕರ್ಕೊಂಡು ಬನ್ನಿ." ಇಬ್ಬರೂ ತಿರುಗಿ ನೋಡಲಿಲ್ಲ. ಬಸ್ಸು ಹೊರಟಿತು. ಆರು ವರ್ಷ ಕಟ್ಟಿದ್ದನ್ನು ಒಂದು ಮಾತಿನಲ್ಲಿ ಕೆಡವಿದ್ದೆ. ಈ ಮಗು ಇನ್ನೆಂದೂ ಯಾರ ಹತ್ತಿರವೂ ಹೋಗದಿದ್ದರೆ? ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಕೇಂದ್ರದ ತುಂಬ ಅಧಿಕಾರಿಗಳು, ಭಾಷಣ. ನನ್ನ ಕಣ್ಣು ಮೆಟ್ಟಿಲ ಮೇಲೆ. ಹನ್ನೊಂದಕ್ಕೆ ತಾಯಿ ಒಬ್ಬಳೇ ಬಂದಳು. ಕಣ್ಣು ಊದಿಕೊಂಡಿತ್ತು, ಆದರೂ ನಗುತ್ತಿದ್ದಳು.

"ಮಾತಾಡಿದ್ಲು ಮೇಡಂ! ಬೆಳಿಗ್ಗೆ ಹೊರಡೋಣ ಅಂದೆ ನೋಡಿ, ಬಾಯಿಬಿಟ್ಟು ಹೇಳಿದ್ಲು!"

"ಏನಂದ್ಲು?"

ಅವಳು ಸಂಕೋಚದಿಂದ ನೆಲ ನೋಡಿದಳು. "ಆ ಆಂಟಿ ಇದ್ರೆ ಬರಲ್ಲ, ಅಂದ್ಲು."

"ಈಗ ಎಲ್ಲಿದ್ದಾಳೆ?"

"ಕೆಳಗೆ. ನೀವು ಹೋಗೋದನ್ನ ಕಾಯ್ತಿದ್ದಾಳೆ."

ಒಳಗೆ ಅಧಿಕಾರಿಯೊಬ್ಬರು ಮೈಕಿನಲ್ಲಿ, "ಈಗ ಮೇಲ್ವಿಚಾರಕಿಯವರಿಂದ ಎರಡು ಮಾತು" ಎನ್ನುತ್ತಿದ್ದರು. ಡಾಕ್ಟರ ಕಿವಿಯಲ್ಲಿ ವಿಷಯ ಹೇಳಿ, ಬೀಗದ ಕೈ ದೊಡ್ಡಮ್ಮನ ಕೈಗಿಟ್ಟು, ಹಿಂದಿನ ಮೆಟ್ಟಿಲಿಳಿದು ಬೀದಿ ದಾಟಿದೆ. ದರ್ಜಿಯ ಅಂಗಡಿಯ ಮುಂದೆ ನಿಂತೆ. ಆಚೆಯಿಂದ ಹುಡುಗಿ ನನ್ನನ್ನು ಕಂಡಳು. ನಾನು ಅಲ್ಲಿಂದ ಕದಲುವುದಿಲ್ಲವೆಂದು ಖಾತ್ರಿಯಾಗುವವರೆಗೆ ನೋಡಿ, ಆಮೇಲೆ ಕೆಳಗಿಳಿದು ಬಂದ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಕಣ್ಣೀರು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

"ಏನಕ್ಕ, ಇವತ್ತು ನಿಮ್ಮದೇ ಕಾರ್ಯಕ್ರಮ, ಇಲ್ಲಿ ನಿಂತಿದ್ದೀರಲ್ಲ?" ಎಂದ ದರ್ಜಿ.

"ನಮ್ಮ ಮೊದಲನೇ ಮಗು ಬಂದಿದೆಯಪ್ಪ," ಎಂದೆ. "ನಾನು ಹೊರಗಿದ್ರೇ ಅದಕ್ಕೆ ವಾಸಿ."

ಅವನು ಏನೂ ಅರ್ಥವಾಗದೆ ಒಂದು ಸ್ಟೂಲು ತಳ್ಳಿದ. ಒಂದು ಗಂಟೆ ಅಲ್ಲೇ ಕೂತೆ.