ಇಬ್ಬರಿಗೆ ಕೊಟ್ಟ ಒಂದೇ ಶನಿವಾರ

ಎನಿಡ್ ಹಾಲ್ಗೇಟ್ ಕುಣಿತದ ಕರೆಗಾರ್ತಿ. ಯಾರ್ಕ್‌ಷೈರಿನ ಆ ಕಣಿವೆಯ ಊರುಗಳಲ್ಲಿ ಮದುವೆಗೋ ಸುಗ್ಗಿಯೂಟಕ್ಕೋ ಜನ ಸೇರಿ ಸಾಲುಗಟ್ಟಿ ಕುಣಿಯುವಾಗ, ವೇದಿಕೆಯ ಮೇಲೆ ವಾದ್ಯದವರ ಪಕ್ಕದಲ್ಲಿ ನಿಂತು, ಯಾರು ಯಾರ ಕೈ ಹಿಡಿಯಬೇಕು, ಯಾವ ಜೋಡಿ ಎತ್ತಿದ ಕೈಗಳ ಕಮಾನಿನಡಿ ನುಸುಳಬೇಕು ಎಂಬುದನ್ನು ಹೆಜ್ಜೆಗಿಂತ ಒಂದು ತಾಳ ಮುಂಚೆ ಕೂಗಿ ಹೇಳುವ ಕೆಲಸ ಅವಳದು. ಮೂವತ್ತಕ್ಕೂ ಹೆಚ್ಚು ವರ್ಷ ಅವಳು ಅದನ್ನು ಮಾಡಿದ್ದಳು. ಹೋದ ಚಳಿಗಾಲದಲ್ಲಿ ಗಂಟಲಿಗೆ ಶಸ್ತ್ರಕ್ರಿಯೆಯಾದ ಮೇಲೆ ಒಂದು ಕುಣಿತವನ್ನೂ ಕರೆದಿರಲಿಲ್ಲ. ಅಕ್ಟೋಬರಿನ ಸುಗ್ಗಿಯೂಟಕ್ಕೆ ತನ್ನದೇ ಊರಿನ ಸಭಾಂಗಣದಲ್ಲಿ ಕುಣಿತ ಕರೆಯಲು ಒಪ್ಪಿಕೊಂಡದ್ದು ಮರಳಿ ಬರುವ ಮೊದಲ ಹೆಜ್ಜೆ. ಅಲ್ಲಿ ನಿಲ್ಲಲಾದರೆ ಕಣಿವೆಯಲ್ಲಿ ಎಲ್ಲಿಯಾದರೂ ನಿಲ್ಲಬಹುದು, ಆಗದಿದ್ದರೆ ಇಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕುಣಿತಕ್ಕೆ ಒಂದು ವಾರ ಇರುವಾಗ ಎರಡು ಕಡೆ ಫೋನ್ ಮಾಡುವುದು ಅವಳ ಪದ್ಧತಿ: ಒಂದು ಏರ್ಪಾಡು ಮಾಡಿದವರಿಗೆ, ಇನ್ನೊಂದು ವಾದ್ಯದವರಿಗೆ. ಮಕ್ಕಳು ಎಷ್ಟು ಜನ, ಊಟ ಮೊದಲೋ ಮಧ್ಯದಲ್ಲೋ, ನೆಲಕ್ಕೆ ಹೊಸದಾಗಿ ಮೇಣ ಬಳಿದಿದ್ದಾರೆಯೇ ಎಂದೆಲ್ಲ ಕೇಳುತ್ತಿದ್ದಳು. ಅದನ್ನು ಕಿರಿಕಿರಿಯೆಂದುಕೊಳ್ಳುವವರು ಇದ್ದರು. ಒಮ್ಮೆ ಹೇಳಿದ ಮೇಲೆ ಮತ್ತೆ ಕೇಳುವುದು ಅಪನಂಬಿಕೆಯೆಂದು ಅವರ ವಾದ. ಎನಿಡ್ ಹಾಗೆ ತಿಳಿದವಳಲ್ಲ. ಕಾಗದಪತ್ರವಿಲ್ಲದೆ ಬರೀ ಬಾಯಿಮಾತಿನ ಮೇಲೆ ನಡೆಯುವ ಕಸುಬಿನಲ್ಲಿ, ಕೊಟ್ಟ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವುದು ಆ ಮಾತಿಗೆ ಸಲ್ಲಿಸುವ ಗೌರವ ಎಂದೇ ಅವಳು ನಂಬಿದ್ದಳು.

ಆ ಬೆಳಿಗ್ಗೆ ಮೊದಲು ಕ್ಲಿಫರ್ಡ್ ಮೆಟ್ಕಾಫ್‌ಗೆ ಫೋನ್ ಮಾಡಿದಳು. ಸಭಾಂಗಣದ ಸಮಿತಿಯಲ್ಲಿ ಕುಣಿತದ ಏರ್ಪಾಡೆಲ್ಲ ಅವನದೇ. ದನದ ಸಂತೆಯಲ್ಲಿ ಹರಾಜು ಕೂಗಿ ನಿವೃತ್ತನಾದವನು, ಶಾಲೆಯ ದಿನಗಳಿಂದ ಅವಳ ಗೆಳೆಯ.

“ಎಲ್ಲಾ ಪಕ್ಕಾ ಮಾರಾಯ್ತಿ. ನೀನು ಬಾ, ನಿಂತ್ಕೋ, ಕೂಗು. ಮಧ್ಯದಲ್ಲಿ ಊಟಕ್ಕೆ ಮಾಂಸದ ಪೈ, ಬಟಾಣಿ.”

“ಮೈಕು?”

“ಹೋದ ವರ್ಷದ್ದೇ.”

“ಅದು ಮೈಕಲ್ಲ ಕಣೋ, ಶೀತ ಆಗಿರೋ ಕುರಿ. ಬೇರೆ ತರಿಸು.”

“ತರಿಸ್ತೀನಿ, ತರಿಸ್ತೀನಿ. ನೀನು ಗಂಟಲು ನೋಡ್ಕೋ. ಏನೂ ತಲೆ ಕೆಡಿಸ್ಕೋಬೇಡ.”

ಅವನು ಎಂದಿಗಿಂತ ಬೇಗ ಫೋನಿಟ್ಟ. ಅವಳು ಅದಕ್ಕೆ ಅರ್ಥ ಹುಡುಕಲಿಲ್ಲ. ವಾದ್ಯಮೇಳದ ಮುಖ್ಯಸ್ಥ ನೆಡ್ ರಾಥೋರ್ನ್‌ಗೆ ಫೋನ್ ಹಚ್ಚಿದಳು. ಯಾವ ಕುಣಿತಕ್ಕೆ ಯಾವ ಗತ್ತಿನ ರಾಗ ಬೇಕು ಎಂಬುದನ್ನು ಅವನೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕಿತ್ತು. ಶನಿವಾರದ ಮಾತೆತ್ತಿದಳಷ್ಟೇ.

“ಎನಿಡ್! ನೀನೂ ಬರ್ತಿದ್ದೀಯಾ ಶನಿವಾರ?” ನೆಡ್ ನಿಜವಾದ ಸಂತೋಷದಿಂದ ಕೂಗಿದ. “ಒಳ್ಳೇದಾಯ್ತು ಬಾರಮ್ಮ. ನೀನು ಕೆಳಗೆ ನಿಂತು ಕುಣಿಯೋದನ್ನ ನೋಡಿ ಎಷ್ಟು ಕಾಲ ಆಯ್ತು!”

“ಕೆಳಗೆ ಯಾಕೆ? ಮೇಲೆ ಯಾರು ನಿಂತ್ಕೊಳ್ತಾರೆ?”

ಆ ಕಡೆ ಯಾರೋ ಪಿಟೀಲಿಗೆ ಶ್ರುತಿ ಕೂಡಿಸುತ್ತಿದ್ದವರು ನಿಲ್ಲಿಸಿದರು.

“ಬೆಥನ್ ಲೋಮಾಸ್. ಲ್ಯಾಂಕಾಸ್ಟರಿನ ಹುಡುಗಿ. ರಾಗದ ಪಟ್ಟಿ ಮೊನ್ನೇನೇ ಕಳಿಸಿದ್ಲು.” ನೆಡ್‌ನ ದನಿ ಇಳಿಯಿತು. “ಕ್ಲಿಫರ್ಡ್ ನಿಂಗೆ ಹೇಳಿಲ್ವಾ?”

ಈ ಕಸುಬಿನಲ್ಲಿ ಒಂದೇ ಕುಣಿತಕ್ಕೆ ಇಬ್ಬರು ಕರೆಗಾರರು ಬಂದು ನಿಲ್ಲುವುದು ಅಪರೂಪವಲ್ಲ. ಸಮಿತಿಯವರು ಒಬ್ಬರನ್ನು ಗೊತ್ತುಮಾಡಿರುತ್ತಾರೆ. ತಮಗೇ ಆ ಜವಾಬ್ದಾರಿಯೆಂದು ತಿಳಿದು ವಾದ್ಯದವರು ಇನ್ನೊಬ್ಬರನ್ನು ಕರೆತರುತ್ತಾರೆ. ಅದು ಮರೆವು, ಎಲ್ಲರೂ ನಕ್ಕು ಮರೆಯುತ್ತಾರೆ. ಆದರೆ ಬೆಥನ್‌ಳನ್ನು ಕರೆದವನು ನೆಡ್ ಅಲ್ಲ, ಕ್ಲಿಫರ್ಡ್. ಒಂದೇ ಮನುಷ್ಯ, ಒಂದೇ ಬಾಯಿಂದ, ಇಬ್ಬರಿಗೂ ‘ಪಕ್ಕಾ’ ಎಂದಿದ್ದ. ಅದನ್ನು ಮರೆವೆನ್ನಲು ಎನಿಡ್‌ಗೆ ಮನಸ್ಸು ಬರಲಿಲ್ಲ. ಕೋಟು ಹಾಕಿಕೊಂಡು ಸಭಾಂಗಣದ ಕಡೆ ನಡೆದಳು.

ಕ್ಲಿಫರ್ಡ್ ಅಲ್ಲೇ ಇದ್ದ. ಮಡಚುವ ಮೇಜುಗಳನ್ನು ಹೊರಗೆಳೆದು, ಯಾವುದರ ಕಾಲು ಸಡಿಲವೆಂದು ಅಲ್ಲಾಡಿಸಿ ನೋಡುತ್ತಿದ್ದ. ಅವಳ ಮುಖ ನೋಡಿದೊಡನೆ ಕೈಯಲ್ಲಿದ್ದ ಮೇಜನ್ನು ಗೋಡೆಗೆ ಒರಗಿಸಿದ.

“ನೆಡ್‌ಗೆ ಫೋನ್ ಮಾಡಿದೆಯಾ?”

“ಮಾಡ್ತೀನಂತ ನಿಂಗೆ ಗೊತ್ತಿರ್ಲಿಲ್ವಾ? ಯಾವಾಗ್ಲೂ ಮಾಡ್ತೀನಲ್ಲ.”

“ಗೊತ್ತಿತ್ತು. ಅವನ ಬಾಯಿ ಮುಚ್ಚಿಸೋದು ಮರೆತೆ.” ಅವನು ನಗಲು ನೋಡಿದ, ಆಗಲಿಲ್ಲ. “ಎನಿಡ್, ಕೂತ್ಕೋ. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ನನ್ನ ಒಳ್ಳೇದು ನನಗೆ ಗೊತ್ತಿಲ್ಲದ ಹಾಗೆ ಹೇಗೋ ಆಗತ್ತೆ?”

“ಸೆಪ್ಟೆಂಬರಲ್ಲಿ ಅಂಚೆ ಕಚೇರಿ ಮುಂದೆ ನಿನ್ನ ದನಿ ಕೇಳಿದೆ. ಒಂದು ವಾಕ್ಯ ಮುಗಿಯೋದ್ರೊಳಗೆ ಎರಡು ಸಲ ಹಿಡೀತು. ನೀನು ಎಲ್ಲರೆದುರು ಮೈಕ್ ಹಿಡ್ಕೊಂಡು ನಿಂತಾಗ ಹಾಗಾದ್ರೆ? ಊರೆಲ್ಲಾ ನೋಡ್ತಾ ಇರೋವಾಗ? ನನ್ನಿಂದ ನೋಡೋಕಾಗ್ತಿರ್ಲಿಲ್ಲ. ಇನ್ನೊಬ್ಬಳು ಇದ್ರೆ ಮೆತ್ತಗೆ ಕೈಗೆ ತಗೋತಾಳೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.”

“ಅವಳಿಗೆ ಇದು ಗೊತ್ತಾ? ನಾನು ಬಿದ್ರೆ ಎತ್ತಿಕೊಳ್ಳೋಕೆ ಅವಳನ್ನ ಕರೆದಿರೋದು ಅಂತ?”

ಕ್ಲಿಫರ್ಡ್ ಮೇಜಿನ ಕಾಲನ್ನು ನೋಡಿದ.

“ನೀನು ಬರ್ತೀಯ ಅಂತ ಅವಳಿಗೆ ಹೇಳಿಲ್ಲ.”

ಎನಿಡ್‌ಗೆ ಸಿಟ್ಟು ಏರಿದ್ದು ಆಗಲೇ. ತನಗಾದ ಅನ್ಯಾಯಕ್ಕೆ ಅವಳು ಅಷ್ಟು ಬಿಸಿಯಾಗಿರಲಿಲ್ಲ. ಕರುಣೆಯ ಹೆಸರಿನಲ್ಲಿ ನಡೆಯುವ ಮೋಸ ಉಳಿದ ಮೋಸಗಳಿಗಿಂತ ಕೀಳು. ಏಕೆಂದರೆ ಅದನ್ನು ಮಾಡುವವನು ಕೃತಜ್ಞತೆಯನ್ನೂ ನಿರೀಕ್ಷಿಸುತ್ತಾನೆ. ಒಬ್ಬಳ ಮರ್ಯಾದೆಯನ್ನು ಕಾಪಾಡಲೆಂದು ಇನ್ನೊಬ್ಬಳ ಮರ್ಯಾದೆಯನ್ನು ಒತ್ತೆಯಿಟ್ಟವನು ಕೊನೆಗೆ ಇಬ್ಬರದನ್ನೂ ಕಳೆದಿರುತ್ತಾನೆ.

“ಕ್ಲಿಫರ್ಡ್, ಸಂತೇಲಿ ನೀನು ಹರಾಜು ಕೂಗ್ತಿದ್ದಾಗ ಒಬ್ಬ ರೈತ ತಲೆ ಆಡಿಸಿದ್ರೆ ಸಾಕಿತ್ತು, ಹಸು ಅವನದ್ದು. ಅದೇ ಹಸುನ ಹಿಂದಿನ ಬಾಗಿಲಿಂದ ಇನ್ನೊಬ್ಬನಿಗೂ ಕೊಟ್ಟಿದ್ದೀಯಾ ಯಾವತ್ತಾದ್ರೂ? ‘ಮೊದಲನೆಯವನಿಗೆ ಸೊಂಟ ನೋವು, ಹಸು ಹೊಡ್ಕೊಂಡು ಹೋಗೋಕಾಗಲ್ಲ ಪಾಪ’ ಅಂತ?”

“ಥೂ, ಏನ್ ಮಾತು ಅಂತ ಆಡ್ತೀಯ.”

“ಕೊಟ್ಟಿದ್ದೀಯಾ?”

“ಇಲ್ಲ.”

“ಹಾಗಾದ್ರೆ ಈಗ ಅವಳಿಗೆ ಫೋನ್ ಮಾಡು. ನನ್ನೆದುರಿಗೇ. ನಡೆದದ್ದು ನಡೆದ ಹಾಗೆ ಹೇಳು.”

ಬೆಥನ್ ಆಸ್ಪತ್ರೆಯಲ್ಲಿ ದಾದಿ. ಚಹಾದ ಬಿಡುವಿನಲ್ಲಿ ಫೋನೆತ್ತಿದಳು. ಕ್ಲಿಫರ್ಡ್ ನಡೆದದ್ದನ್ನು ಹೇಳಿದ; ಅರ್ಧಕ್ಕೆ ಬಂದು ಸುತ್ತಿ ಬಳಸಲು ಹೊರಟಾಗ ಎನಿಡ್ ಕೆಮ್ಮಿದಳು, ಅವನು ನೇರವಾದ. ಆ ಕಡೆಯ ದನಿ ಮೇಜಿನಾಚೆಗೂ ಕೇಳುವಷ್ಟು ಜೋರಾಗಿತ್ತು.

“ಅಂದ್ರೆ ನಾನು ಸ್ಟೆಪ್ನಿ ಟೈರಾ? ಡಿಕ್ಕಿಯಲ್ಲಿ ಇಟ್ಕೊಂಡಿದ್ರಾ ನನ್ನ? ಆ ಒಂದು ರಾತ್ರಿಯ ರಜೆಗೋಸ್ಕರ ಎರಡು ಭಾನುವಾರದ ಡ್ಯೂಟಿ ನಾನು ಬೇರೆಯವರದ್ದು ಮಾಡಿದ್ದೀನಿ, ಗೊತ್ತಾ ನಿಮಗೆ? ಮದುವೆ ಕುಣಿತ ಒಂದನ್ನ ಬಿಟ್ಟಿದ್ದೀನಿ!”

ಎನಿಡ್ ಫೋನನ್ನು ಕೈಗೆ ತೆಗೆದುಕೊಂಡಳು.

“ನಾನು ಎನಿಡ್ ಹಾಲ್ಗೇಟ್ ಮಾತಾಡ್ತಿರೋದು.”

“ನಿಮಗೂ ಗೊತ್ತಿತ್ತಾ?”

“ಇವತ್ತು ಬೆಳಿಗ್ಗೆವರೆಗೂ ಇಲ್ಲ.”

ಹಿನ್ನೆಲೆಯಲ್ಲಿ ತಟ್ಟೆ ಲೋಟಗಳ ಸದ್ದು. “ಹಾಗಾದ್ರೆ ಇಬ್ಬರ ತಲೆ ಮೇಲೂ ಒಂದೇ ಟೋಪಿ ಹಾಕಿದ್ದಾರೆ,” ಎಂದಳು ಬೆಥನ್, ಈಗ ಮೆಲ್ಲಗೆ. “ನಿಮಗೆ ಯಾವಾಗ ಹೇಳಿದ್ದು?”

“ಜೂನ್‌ನಲ್ಲಿ.”

“ನನಗೆ ಸೆಪ್ಟೆಂಬರಲ್ಲಿ. ಹಾಗಿದ್ರೆ ನಿಮ್ಮದೇ.” ಅವಳು ನಿಟ್ಟುಸಿರಿಟ್ಟಳು. “ನನಗೆ ಇಷ್ಟ ಇಲ್ಲ, ಆದ್ರೆ ನಿಮ್ಮದೇ. ಮೊದಲು ಹೇಳಿದ್ದು ನಿಲ್ಲಬೇಕು.”

ಹೀಗೆ ಗೆಲ್ಲುವುದು ಎನಿಡ್‌ಗೆ ಬೇಕಿರಲಿಲ್ಲ. ಎರಡು ಭಾನುವಾರ ಬೇರೆಯವರ ಡ್ಯೂಟಿ ಮಾಡಿದವಳ ಎದುರು ತನ್ನ ಜೂನ್ ತಿಂಗಳು ಅಲ್ಪವೆನಿಸಿತು. ಬಿಟ್ಟುಕೊಡಬಹುದಿತ್ತು, ಬಿಟ್ಟುಕೊಟ್ಟಿದ್ದರೆ ಊರೆಲ್ಲ ಅದನ್ನು ದೊಡ್ಡ ಮನಸ್ಸೆಂದು ಹೊಗಳುತ್ತಿತ್ತು. ಆದರೆ ಕ್ಲಿಫರ್ಡ್ ಮನಸ್ಸಿನೊಳಗೇ ಮಾಡಿ ಮುಗಿಸಿದ್ದ ತೀರ್ಮಾನಕ್ಕೆ ಅದು ತನ್ನ ಸಹಿಯಾಗುತ್ತಿತ್ತು. ಫೋನಿಟ್ಟು ಅವನ ಕಡೆ ತಿರುಗಿದಳು.

“ಈಗ ಒಂದು ಮಾತು ಹೇಳು. ನಿಂಗೆ ಯಾರು ಬೇಕು? ಪಾಪ, ಗೀಪ ಎಲ್ಲಾ ಬಿಟ್ಟು ಹೇಳು.”

ಅವನು ಗೋಡೆಗೊರಗಿದ್ದ ಮೇಜನ್ನು ನೆಟ್ಟಗೆ ನಿಲ್ಲಿಸಿದ.

“ನೀನೇ. ಆದ್ರೆ ನಂಗೆ ಹೆದರಿಕೆ ಕಣೇ.”

“ಹೆದರಿಕೆ ನಂಗೂ ಇದೆ. ಅದನ್ನ ನನ್ನ ಹತ್ರ ಹೇಳ್ಬೇಕಿತ್ತು, ಲ್ಯಾಂಕಾಸ್ಟರಿಗೆ ಫೋನ್ ಮಾಡೋದಲ್ಲ. ಮೈಕ್ ಬೇರೆ ತರಿಸು.”

ಸುಗ್ಗಿಯೂಟದ ಸಂಜೆ ಸಭಾಂಗಣ ತುಂಬಿತ್ತು. ಕಿಟಕಿಗಳಲ್ಲಿ ಕುಂಬಳಕಾಯಿ, ಸೇಬು, ಗೋಧಿಯ ಕಟ್ಟುಗಳು. ಅಡಿಗೆಮನೆಯಿಂದ ಮಾಂಸದ ಪೈಗಳ ವಾಸನೆ. ಬೆಥನ್ ಬಂದಿದ್ದಳು. ಬಾಗಿಲಲ್ಲಿ ಎಲ್ಲರಂತೆ ಟಿಕೆಟ್ ಕೊಂಡು, “ರಜೆ ಹೇಗೂ ಹಾಕಿದ್ದಾಯ್ತು, ಮನೇಲಿ ಕೂತು ಗೋಡೆ ನೋಡ್ಲಾ?” ಎಂದು ನೆಡ್‌ಗೆ ಹೇಳಿ, ಸಾಲಿನ ಕೆಳತುದಿಯಲ್ಲಿ ಒಬ್ಬ ಮುದುಕನಿಗೆ ಜೋಡಿಯಾಗಿ ನಿಂತಳು. ಕೆಂಪು ಕೂದಲಿನ, ಗಟ್ಟಿಮುಟ್ಟಾದ ಹೆಣ್ಣು. ಎನಿಡ್ ತಲೆಬಾಗಿದಳು; ಅವಳೂ ಬಾಗಿದಳು; ಅಷ್ಟೇ.

ಮೊದಲ ಕುಣಿತ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಎಡಬಲ ಗೊತ್ತಿಲ್ಲದ ಪಶುವೈದ್ಯನೊಬ್ಬನನ್ನು ಎನಿಡ್ ಹೆಸರು ಹಿಡಿದು ಕರೆದು, “ಗಡಿಯಾರ ಕಟ್ಟಿರೋ ಕೈ ಕಣಪ್ಪ, ಹಸುವಿಗೆ ಹಾಕೋ ಕೈಯಲ್ಲ!” ಎಂದಾಗ ಸಭಾಂಗಣವೆಲ್ಲ ನಕ್ಕಿತು. ಅವಳ ಬಿಗಿದ ಭುಜಗಳು ಸಡಿಲಾದವು. ತನ್ನ ದನಿ ಗೋಡೆಗೆ ತಾಗಿ ಮರಳಿ ಬರುವುದನ್ನು ಅವಳು ಬಹುಕಾಲದ ಮೇಲೆ ಕೇಳಿಸಿಕೊಂಡಳು. ಊಟದ ತನಕ ಎಲ್ಲ ಸರಿಯಿತ್ತು.

ಊಟದ ಮೇಲಿನ ಎರಡನೆಯ ಕುಣಿತದಲ್ಲಿ ಗಂಟಲು ಹಿಡಿಯಿತು. ‘ಮೇಲ್ತುದಿಯ ಜೋಡಿ’ ಎಂದಳು. ಮುಂದಿನ ಮಾತು ಗಾಳಿಯಾಗಿ ಬಂತು. ನೀರು ಕುಡಿದು ಮತ್ತೆ ಪ್ರಯತ್ನಿಸಿದಳು. ಜನ ಹೇಗೋ ನೆನಪಿನಿಂದ ಕುಣಿಯುತ್ತಿದ್ದರು, ಸಾಲಿನ ನಡುವೆ ಒಂದಿಬ್ಬರು ಡಿಕ್ಕಿ ಹೊಡೆದುಕೊಂಡರು. ಪೈಯ ತಟ್ಟೆ ಹಿಡಿದು ಗೋಡೆಯ ಬಳಿ ನಿಂತಿದ್ದ ಕ್ಲಿಫರ್ಡ್ ಬೆಥನ್ ಕಡೆ ನೋಡಿ ಹುಬ್ಬಿನಿಂದ ಮೈಕನ್ನು ತೋರಿಸಿದ. ಎನಿಡ್ ಅದನ್ನು ಕಂಡಳು. ಬೆಥನ್ ಕೂಡ ಕಂಡಳು; ಕಂಡು, ಅವನಿಗೆ ಬೆನ್ನು ಹಾಕಿ, ಮುದುಕನ ಕೈ ಹಿಡಿದು ಸುತ್ತಿದಳು.

ಕುಣಿತ ಮುಗಿಯಿತು. ಎನಿಡ್ ಮೈಕನ್ನು ತುಟಿಗೆ ಹತ್ತಿರ ತಂದಳು.

“ನನ್ನ ದನಿ ಇವತ್ತಿಗೆ ಇಷ್ಟೇ,” ಎಂದಳು, ಒಡೆದ ಸ್ವರದಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ. “ಮುಂದಿನ ಸಲದ್ದು ಮುಂದಿನ ಸಲ ನೋಡೋಣ. ಲ್ಯಾಂಕಾಸ್ಟರಿನ ಬೆಥನ್ ಲೋಮಾಸ್ ಇಲ್ಲಿದ್ದಾರೆ. ಬೆಥನ್, ಉಳಿದದ್ದನ್ನ ನೀವು ಕರೀತೀರಾ?”

ಎಲ್ಲರೂ ತಿರುಗಿದರು. ಬೆಥನ್ ಬೆವರು ಒರೆಸಿಕೊಂಡಳು.

“ನೀವು ಕೇಳಿದ್ರೆ ನನಗೆ ಸಂತೋಷಾನೇ ಎನಿಡ್ ಅವರೇ. ಆದ್ರೆ ನಾನು ಟಿಕೆಟ್ ತಗೊಂಡು ಕುಣಿಯೋಕೆ ಬಂದವಳು. ಕೆಲಸಕ್ಕೆ ಕರೆಯೋದು ಏರ್ಪಾಡು ಮಾಡಿದವರು. ಅವರು ಬಾಯಿಬಿಟ್ಟು ಕೇಳಲಿ. ಹುಬ್ಬಿನಲ್ಲಿ ಬೇಡ.”

ಕೆಲವರು ನಕ್ಕರು, ಏಕೆಂದು ತಿಳಿಯದೆ. ಕ್ಲಿಫರ್ಡ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಕುಂಬಳಕಾಯಿಗಳ ನಡುವೆ ಇಟ್ಟ. ಸಾವಿರ ದನಗಳ ಗದ್ದಲದಲ್ಲಿ ಕೂಗಿದ ಗಂಟಲು ಅವನದು. ಆದರೂ ಮೊದಲ ಮಾತು ಹೊರಡಲು ಹೊತ್ತು ಹಿಡಿಯಿತು.

“ಈ ಕುಣಿತಕ್ಕೆ ನಾನು ಇಬ್ಬರಿಗೆ ಮಾತು ಕೊಟ್ಟಿದ್ದೆ,” ಎಂದ. “ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿರ್ಲಿಲ್ಲ. ಎನಿಡ್‌ಗೆ ಹೇಳೋಕೆ ಧೈರ್ಯ ಇರ್ಲಿಲ್ಲ. ಬೆಥನ್‌ಗೆ ಹೇಳೋ ಯೋಚನೆಯೇ ಬರ್ಲಿಲ್ಲ, ಅದು ಇನ್ನೂ ಕೆಟ್ಟದ್ದು. ತಪ್ಪು ನನ್ನದು.” ಅವನು ಟೋಪಿ ತೆಗೆದ. “ಬೆಥನ್, ಉಳಿದ ಕುಣಿತ ಕರೆದು ಕೊಡ್ತೀರಾ? ಈಗ ಕೇಳ್ತಿದ್ದೀನಿ. ಎಲ್ಲರೆದುರಿಗೆ.”

ಈ ಸಲ ಯಾರೂ ನಗಲಿಲ್ಲ. ಊರಿನವರ ಮುಂದೆ ಹಳೆಯ ಗೆಳೆಯ ತಲೆ ತಗ್ಗಿಸಿ ನಿಂತದ್ದು ಎನಿಡ್‌ಗೂ ನೋಡಲು ಸುಲಭವಾಗಿರಲಿಲ್ಲ. ಆದರೆ ಅವಳು ಅವನನ್ನು ಅದರಿಂದ ಪಾರುಮಾಡಲು ಮುಂದಾಗಲಿಲ್ಲ. ಅವನ ಮಾತು ಅವನೇ ಆಡಿ ಮುಗಿಸಬೇಕಾದದ್ದು. ಅದನ್ನು ಬೇರೊಬ್ಬರು ಮೃದುಗೊಳಿಸಿದ್ದರೆ ಮತ್ತೆ ಅದೇ ಕರುಣೆಯ ಮೋಸ ನಡೆದಂತಾಗುತ್ತಿತ್ತು.

“ಕರೀತೀನಿ,” ಎಂದಳು ಬೆಥನ್. ಮೆಟ್ಟಿಲು ಹತ್ತುವಾಗ ಎನಿಡ್ ಮೈಕನ್ನು ಅವಳ ಕೈಗೆ ಕೊಟ್ಟು, “ಎಡಗಡೆ ಸಾಲಲ್ಲಿ ಪಶುವೈದ್ಯ ಇದ್ದಾನೆ, ಅವನ ಮೇಲೆ ಒಂದು ಕಣ್ಣಿರಲಿ,” ಎಂದು ಪಿಸುಗುಟ್ಟಿದಳು.

“ಅವನು ಆಗಲೇ ನನ್ನ ಕಾಲು ತುಳಿದಾಯ್ತು.”

ಎನಿಡ್ ಕೆಳಗಿಳಿದಳು. ಗಂಟಲು ಉರಿಯುತ್ತಿತ್ತು. ವೇದಿಕೆಯಿಲ್ಲದೆ ನಿಂತಾಗ ಸಭಾಂಗಣ ಬೇರೆಯೇ ಕಂಡಿತು, ತಲೆಗಳ ಬದಲು ಮುಖಗಳು. ಸಾಲುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು. ಕ್ಲಿಫರ್ಡ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹತ್ತಿರ ಬಂದ.

“ಇದೊಂದು ನನ್ನ ಜೊತೆ ಕುಣೀತೀಯಾ?”

“ಇದಕ್ಕೆ ಆಗಲ್ಲ,” ಎಂದಳು ಎನಿಡ್. “ಬೆಥನ್ ಮೇಲೆ ಹೋದ್ಲಲ್ಲ, ಅವಳ ಜೋಡಿ ಒಬ್ಬನೇ ಉಳ್ಕೊಂಡಿದ್ದ. ಇಳೀತಾ ಇರೋವಾಗಲೇ ಅವನು ಕೇಳ್ದ, ಹ್ಞೂಂ ಅಂದೆ. ಮುಂದಿನದಕ್ಕೆ ಬೇಕಾದ್ರೆ ಕೇಳು.”

“ಮುಂದಿನದಕ್ಕೆ ಕೇಳ್ತಿದ್ದೀನಿ.”

“ಹಾಗಾದ್ರೆ ಆಯ್ತು,” ಎಂದು ಅವಳು ಸಾಲಿನ ಕೆಳತುದಿಗೆ ನಡೆದಳು. ಅಲ್ಲಿ ಮುದುಕ ಕೈ ಚಾಚಿ ನಿಂತಿದ್ದ. ನೆಡ್ ರಾಗ ಎತ್ತಿದ. ಮೇಲಿನಿಂದ ಬೆಥನ್‌ಳ ಗಟ್ಟಿ ದನಿ ಮೊದಲ ಹೆಜ್ಜೆಯನ್ನು ಕೂಗಿತು. ಎನಿಡ್ ಇನ್ನೊಬ್ಬರ ಕರೆಗೆ ಕಿವಿಗೊಟ್ಟು ಎಡಗಾಲು ಮುಂದಿಟ್ಟಳು.