ಮೂರು ಡಬ್ಬಿ, ಒಂದು ಪಟ

ಶಿವಮೊಗ್ಗ ಮತ್ತು ಭದ್ರಾವತಿ, ಎರಡೂ ಊರಿನ ಕಸಕ್ಕೆಂದು ನಡುದಾರಿಯಲ್ಲಿ ಹೊಸ ಘಟಕ ಎದ್ದಿತ್ತು. ಹಸಿ ಕಸದಿಂದ ಗ್ಯಾಸು, ಗಾಜು ಪ್ಲಾಸ್ಟಿಕ್ಕು ಮರುಬಳಕೆಗೆ, ಸುಡಬಹುದಾದದ್ದು ಬಾಯ್ಲರಿಗೆ ಹೋಗಿ ಕರೆಂಟು. ಯಾತಕ್ಕೂ ಬಾರದ ಪುಡಿ ಮಾತ್ರ ದಪ್ಪ ಹಾಳೆ ಹಾಸಿದ ಹೊಂಡಕ್ಕೆ. ಇಷ್ಟು ವಿಜ್ಞಾನವೂ ಕೊನೆಗೆ ನಿಂತಿದ್ದು ಓಡುವ ಬೆಲ್ಟಿನ ಪಕ್ಕ ಕಸ ಬೇರ್ಪಡಿಸುವ ಹನ್ನೆರಡು ಹೆಂಗಸರ ಬೆರಳುಗಳ ಮೇಲೆ. ಅವರಲ್ಲಿ ಮೊದಲನೆಯವಳು ಕಾಗದನಗರದ ಬಂಗಾರಮ್ಮ. ಹದಿನೆಂಟು ವರ್ಷ ಬೀದಿಯಲ್ಲಿ ಚಿಂದಿ ಆಯ್ದವಳಿಗೆ ಈಗ ಗ್ಲೌಸು, ಗುರುತಿನ ಚೀಟಿ, ತಿಂಗಳ ಸಂಬಳ. ಆ ಚೀಟಿಯನ್ನು ಅವಳು ಮಲಗುವಾಗಲೂ ಕೊರಳಿಂದ ತೆಗೆಯುತ್ತಿರಲಿಲ್ಲ.

ತೊಂದರೆ ಕೊಟ್ಟದ್ದು ದೇವರು. ಹಬ್ಬಕ್ಕೆ ಮನೆ ತೊಳೆದ ಜನ ಹಳೆಯ ದೇವರ ಪಟಗಳನ್ನು ಮೊದಲೆಲ್ಲ ಅರಳಿಕಟ್ಟೆಗೆ ಒರಗಿಸಿ ಜವಾಬ್ದಾರಿ ಕಳಚಿಕೊಳ್ಳುತ್ತಿದ್ದರು. ಈಗ ಬಾಗಿಲಿಗೇ ಗಾಡಿ ಬರುತ್ತದಲ್ಲ. ಗಾಜು ಬಿರಿದ ಲಕ್ಷ್ಮಿ, ಗೆದ್ದಲು ಹಿಡಿದ ಗಣಪತಿ ಬಾಳೆಹಣ್ಣಿನ ಸಿಪ್ಪೆಯ ಜೊತೆ ಬಂದರೆ ಹೆಂಗಸರ ಕೈ ಆಡುವುದುಂಟೇ? ಬೆಲ್ಟು ನಿಲ್ಲಿಸಿ, ಪಟವನ್ನು ಕಣ್ಣಿಗೊತ್ತಿಕೊಂಡು, ಗೋಡೆಗೆ ಒರಗಿಸುತ್ತಿದ್ದರು. ತಿಂಗಳೊಳಗೆ ಗೋಡೆಯೇ ಕಾಣದಾಯಿತು.

ಮ್ಯಾನೇಜರ್ ಶಂಕರನಾರಾಯಣ ಶಿವಮೊಗ್ಗ ಕೋಟೆಯ ವೈದಿಕ ಮನೆತನದವರು, ಮೇಲಾಗಿ ಇಂಜಿನಿಯರು. ಎರಡೂ ವಿದ್ಯೆ ಸೇರಿಸಿ ಒಂದು ಉಪಾಯ ಹೂಡಿದರು. ಪೂಜೆ ಮುಗಿದ ಮೇಲೆ ದೇವರನ್ನು ಬೀಳ್ಕೊಡುವ ಮಂತ್ರವನ್ನು ತಮ್ಮದೇ ದನಿಯಲ್ಲಿ ಮೊಬೈಲಿಗೆ ತುಂಬಿ, ಬೆಲ್ಟಿನ ಬಾಯಲ್ಲಿ ಸ್ಪೀಕರ್ ಕಟ್ಟಿಸಿ, ದಿನಕ್ಕೆ ಎಂಟು ಗಂಟೆ ಹಾಕಿಸಿದರು.

“ನೋಡ್ರಮ್ಮ, ಈ ಸ್ಪೀಕರ್ ದಾಟಿದ ಮೇಲೆ ಪಟದೊಳಗೆ ಯಾರೂ ಇರಲ್ಲ. ಬರೀ ಗಾಜು, ಮರ, ಕಾಗದ. ಬಿಚ್ಚಿ ಮೂರು ಡಬ್ಬಿಗೆ ಹಾಕ್ತಾ ಇರಿ.”

“ನೀವೇ ಒಂದು ಬಿಚ್ಚಿ ತೋರಿಸಿ ಸಾರ್,” ಎಂದಳು ಬಂಗಾರಮ್ಮ.

“ನಂದು ಮಂತ್ರದ ಸೆಕ್ಷನ್ನು ಮಾರಾಯ್ತಿ,” ಎಂದರು ಶಂಕರನಾರಾಯಣ.

ಪಾಪದ ಭಯಕ್ಕೂ ಸಂಬಳಕ್ಕೂ ನಡೆದ ಜಗಳದಲ್ಲಿ ಗೆದ್ದದ್ದು ಯಾವುದೆಂದು ಹೇಳಬೇಕಾಗಿಲ್ಲ. ಮೊದಲ ಗಣಪತಿಗೆ ಬಂಗಾರಮ್ಮ ಅತ್ತಳು. ಎರಡು ವಾರದಲ್ಲಿ ಒಂದು ಪಟಕ್ಕೆ ಅವಳಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಆಮೇಲೆ ಸರ್ಕಾರದ ಮೇಡಂ ಒಬ್ಬರು ತಪಾಸಣೆಗೆ ಬರುವ ದಿನ ಗೊತ್ತಾಯಿತು. ಹಿಂದಿನ ಸಂಜೆ ಶಂಕರನಾರಾಯಣ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹೇಳಿದರು. “ನಾಳೆ ಮೇಡಂ ಇರೋವಷ್ಟು ಹೊತ್ತು ಬೆಲ್ಟು ನಿಲ್ಲಂಗಿಲ್ಲ. ಕೆಂಪು ಸ್ವಿಚ್ಚು ಒತ್ತಿದವರು ಚೀಟಿ ಕೊಟ್ಟು ಮನೆಗೆ ಹೋಗ್ತಾ ಇರಿ. ಪಟದ ಕೆಲಸ ಚೆನ್ನಾಗಿ ಕಾಣ್ಲಿ ಅಂತ ನಮ್ಮನೆ ಅಟ್ಟದ ಮೇಲಿನ ಪಟಾನೂ ಎಲ್ಲಾ ಮೂಟೆ ಕಟ್ಟಿ ಇಲ್ಲಿಗೆ ಕಳಿಸೋಕೆ ಮನೆಯವಳಿಗೆ ಹೇಳಿದೀನಿ.” ಮೂಟೆಯಲ್ಲಿ ಏನೇನಿದೆಯೆಂದು ನೋಡುವ ಪುರುಸೊತ್ತು ಅಂಥ ದೊಡ್ಡ ಮನುಷ್ಯರಿಗೆ ಎಲ್ಲಿಂದ ಬರಬೇಕು?

ತಪಾಸಣೆಗೆ ಬಂದ ಸುಮನಾ ಮೇಡಂ ನಲವತ್ತು ನಿಮಿಷ ಬೆಲ್ಟನ್ನು ನೋಡಿ, ಫೋನು ಬಂತೆಂದು ಬಾಯ್ಲರಿನ ಕಡೆ ತಿರುಗಿದ್ದರು. ಆಗ ಬಂತು ಒಂದು ದೊಡ್ಡ ಪಟ. ಅದರಲ್ಲಿ ದೇವರಿರಲಿಲ್ಲ. ಶಲ್ಯ ಹೊದ್ದ, ಹಣೆಗೆ ಗಂಧವಿಟ್ಟ ಹಿರಿಯರೊಬ್ಬರು. ಮೇಲೆ ಮಾಸಿದ ಗಂಧದ ಹಾರ. ಆ ಉದ್ದನೆಯ ಬಾಗಿದ ಮೂಗನ್ನು ಬಂಗಾರಮ್ಮ ಮ್ಯಾನೇಜರ ಮುಖದಲ್ಲಿ ದಿನವೂ ನೋಡುತ್ತಿದ್ದಳು. ಕೈ ಕೆಂಪು ಸ್ವಿಚ್ಚಿನವರೆಗೂ ಹೋಯಿತು. ಕೊರಳಿನ ಚೀಟಿ ನೆನಪಾಗಿ ಹಿಂದೆ ಬಂತು. ಪಟವನ್ನು ಎತ್ತಿಕೊಂಡು ಅವಳು ಹಿಂಬದಿಯ ಮೊಳೆಗೆ ಇಕ್ಕಳ ಹಾಕಿದಳು.

ಶಂಕರನಾರಾಯಣ ಓಡಿ ಬಂದು ಕೆಂಪು ಸ್ವಿಚ್ಚು ಅದುಮಿ, ಪಟ ಕಿತ್ತುಕೊಂಡರು. ಬೆಲ್ಟು ನಿಂತಿತು.

ಮೇಡಂ ತಿರುಗಿದರು. “ಯಾರು ನಿಲ್ಲಿಸಿದ್ದು? ಯಾರ ಫೋಟೋ ಅದು?”

ಫೋಟೋ ತಂದೆಯದೆಂದರೆ ಸ್ವಿಚ್ಚು ಒತ್ತಿದ ಕೈ ಯಾರದೆಂದೂ ಹೇಳಿದಂತಾಗುತ್ತಿತ್ತು. “ಯಾರದ್ದೋ ಏನೋ ಮೇಡಂ, ಕಸದಲ್ಲಿ ಬಂದಿದ್ದು,” ಎಂದರು ಶಂಕರನಾರಾಯಣ. “ನಿಲ್ಲಿಸಿದ್ದು ಈ ಬಂಗಾರಮ್ಮ. ಇವತ್ತೇ ಕೆಲಸದಿಂದ ತೆಗೀತೀನಿ.”

ಉಳಿದ ಹನ್ನೊಂದು ಹೆಂಗಸರು ನೆಲ ನೋಡಿದರು. ಬಂಗಾರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಹಂಗಾದ್ರೆ ಅದನ್ನ ಕೊಡಿ ಸಾರ್. ಹಿಡಿದ ಕೆಲಸ ಮುಗಿಸಿ ಹೋಗ್ತೀನಿ.”

“ಕೊಡಿ ಕೊಡಿ, ಹೆಂಗೆ ಮಾಡ್ತಾರೆ ನೋಡೋಣ,” ಎಂದರು ಮೇಡಂ.

ಶಂಕರನಾರಾಯಣರ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬಂಗಾರಮ್ಮ ಹಾರ ಕಿತ್ತಳು, ಮೊಳೆ ಎಳೆದಳು, ಗಾಜನ್ನೂ ಮರವನ್ನೂ ಅದರದರ ಡಬ್ಬಿಗೆ ಹಾಕಿದಳು. ಕೈಯಲ್ಲಿ ಉಳಿದ ಮುಖವನ್ನು ಮಗನ ಮುಖದ ಎದುರಿಗೆ ಹಿಡಿದಳು. “ಇದು ಯಾವುದಕ್ಕೆ ಸಾರ್?”

ಸ್ಪೀಕರಿನಲ್ಲಿ ಅವರದೇ ದನಿ ಯಾರನ್ನೋ ಬೀಳ್ಕೊಡುತ್ತಿತ್ತು. ಮೇಡಂ ಉತ್ತರಕ್ಕೆ ಕಾಯುತ್ತಿದ್ದರು.

“ಫೋಟೋ ಕಾಗದ ಮರುಬಳಕೆಗೆ ಬರಲ್ಲ,” ಎಂದರು ಶಂಕರನಾರಾಯಣ. “ಬಾಯ್ಲರಿಗೆ.”

“ಮೂವತ್ತು ಸೆಕೆಂಡು,” ಎಂದು ಮೇಡಂ ಬರೆದುಕೊಂಡರು. “ಇಂಥವರನ್ನ ಯಾಕ್ರೀ ತೆಗೀತೀರ? ಇವರು ಇಲ್ಲೇ ಇರ್ಲಿ. ಬೆಲ್ಟು ಶುರು ಮಾಡಿ.”

ಬಂಗಾರಮ್ಮ ಆ ಹಿರಿಯರನ್ನು ನಿಂತಿದ್ದ ಬೆಲ್ಟಿನ ಬಾಯ್ಲರಿನ ಕಡೆಯ ತುದಿಯಲ್ಲಿ ಅಂಗಾತ ಮಲಗಿಸಿ, ಕೈಕಟ್ಟಿ ನಿಂತಳು.

“ನೀವೇ ಒತ್ತಿ ಸಾರ್,” ಎಂದಳು. “ಸ್ವಿಚ್ಚು ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ.”

ಶಂಕರನಾರಾಯಣ ಒತ್ತಿದರು.