ಟೈಲರಮ್ಮನ ಬಲಗೈ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗಿಟಾರಿನಿಂದ ಶುರು ಮಾಡಿದರೆ ಯಾರೋ ಉದ್ದ ಕೂದಲಿನ ಹುಡುಗನ ಪ್ರೇಮಕಥೆ ಎಂದುಕೊಂಡು ನೀವು ಪುಟ ಮಗುಚುತ್ತೀರಿ. ಹೊಲಿಗೆ ಮಷಿನ್ನಿನಿಂದ ಶುರು ಮಾಡಿದರೆ ಕಷ್ಟಪಟ್ಟು ಮಗಳನ್ನು ಓದಿಸಿದ ತಾಯಿಯ ಕಥೆ ಎಂದು ಕರ್ಚೀಫು ಹುಡುಕುತ್ತೀರಿ. ಇರಲಿ, ಒಂದು ಸಾಲು ಬರೆದು ನೋಡೋಣ.

‘ಗಂಡ ತೀರಿಕೊಂಡ ಮೇಲೆ ಒಂಟಿತನ ಕಳೆಯಲೆಂದು ಐವತ್ತೆರಡು ವರ್ಷದ ಟೈಲರಮ್ಮ ಗಿಟಾರ್ ಕೈಗೆತ್ತಿಕೊಂಡಳು.’

“ಯಾರು ತೀರ್ಕೊಂಡಿದ್ದು?” ಎಂದು ಟೈಲರಮ್ಮ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದರು. (ಕರಡಿನಲ್ಲಿ ಏಕವಚನ, ಎದುರಿಗೆ ಬಂದರೆ ಬಹುವಚನ. ಅಷ್ಟು ಧೈರ್ಯ ನನ್ನದು.) “ನಮ್ಮ ಯಜಮಾನ್ರು ಈಗ ತಾನೇ ಬ್ರೆಡ್ ತರೋಕೆ ಹೋಗಿದ್ದಾರೆ. ಅವರು ಬರೋದ್ರೊಳಗೆ ಆ ಸಾಲು ಹೊಡೆದು ಹಾಕ್ಬಿಡಿ. ನೋಡಿದ್ರೆ ಬೇಜಾರು ಮಾಡ್ಕೊಳ್ತಾರೆ.”

ಹೊಡೆದು ಹಾಕಿದೆ. ಗಂಡ ಬದುಕಿಕೊಂಡರು, ನನ್ನ ಅರ್ಧ ಕರುಣರಸ ಮಣ್ಣುಪಾಲಾಯಿತು.

೨

ಮನೆಯ ಮುಂದಿನ ಕೋಣೆಯೇ ಟೈಲರಮ್ಮನ ಅಂಗಡಿ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮಷಿನ್ನು, ಪಕ್ಕದಲ್ಲಿ ಇನ್ನೂ ತೋಳು ಹಚ್ಚದ ಅಂಗಿಗಳ ರಾಶಿ, ಬೀರುವಿನ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಹೊಲಿದ ಚೀಲ. ಚೀಲದಲ್ಲಿರುವುದು ಮಗಳ ಗಿಟಾರ್. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹಿಂದೆ ಹಾಡುತ್ತಿದ್ದಳು. ಗುಂಡಿ ಹಚ್ಚುವಾಗ, ಪಾತ್ರೆ ತೊಳೆಯುವಾಗ, ಯಾರಾದರೂ ಬೈಯುವಾಗ ಕೂಡ. ಮೂರು ವರ್ಷದ ಹಿಂದೆ ಕಾಲೇಜಿನ ಸ್ಟೇಜಿನಲ್ಲಿ ಎರಡನೇ ಸಾಲಿಗೇ ಸ್ವರ ತಪ್ಪಿತು. ನಿಲ್ಲಿಸಿದಳು, “ಸಾರಿ” ಅಂದಳು, ಮೊದಲಿಂದ ಶುರು ಮಾಡಿದಳು, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದಳು, ಇಳಿದು ಬಂದುಬಿಟ್ಟಳು. ಆಮೇಲೆ ಹಾಡೇ ಇಲ್ಲ.

“ಬಚ್ಚಲುಮನೇಲಿ ಕೂಡ ಇಲ್ಲ ರೀ,” ಅಂದರು ಟೈಲರಮ್ಮ. “ಮನೇಲಿ ಯಾರೋ ಕಡಿಮೆ ಆದ ಹಾಗಾಗಿದೆ.”

ಸಮಾಧಾನ ಹೇಳಿದ್ದಾಯಿತು, ಗದರಿದ್ದಾಯಿತು. ಕೊನೆಗೆ ಒಂದು ದಿನ ಸ್ಟೂಲು ಹತ್ತಿ ಗಿಟಾರ್ ಇಳಿಸಿ, ತಾವೇ ಕಲಿಯಲು ಹೊರಟರು. ಅದರಿಂದ ಮಗಳು ಹೇಗೆ ಹಾಡುತ್ತಾಳೆ ಎಂದು ಕೇಳಿದೆ.

“ಮಷಿನ್ ಓಡ್ತಾ ಇದ್ರೆ ಬಟ್ಟೆ ತಾನಾಗೇ ಮುಂದಕ್ಕೆ ಬರುತ್ತಲ್ವಾ? ಹಾಗೆ.”

(ಇಲ್ಲಿ ನಾನು ತಾಯ್ತನದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಚೆನ್ನಾಗಿಯೇ ಇತ್ತು. ಓದಿದ ಹೆಂಡತಿ “ಯಾರ್ ಭಾಷಣ ಇದು?” ಅಂದಳು. ಆ ಕರಡನ್ನೂ ಬಿಟ್ಟೆ.)

೨, ಮತ್ತೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಗಿಟಾರ್ ಮೇಷ್ಟ್ರು ಒಂದು ಕಾಲದಲ್ಲಿ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು. ಸುತ್ತ ಹನ್ನೆರಡು, ಹದಿಮೂರು ವರ್ಷದ ಮಕ್ಕಳು. ನಡುವೆ ಕೊರಳಿನಿಂದ ಅಳತೆ ಟೇಪು ತೆಗೆಯಲು ಮರೆತ ಟೈಲರಮ್ಮ. ತಂತಿ ಮೀಟುವ ಪಿಕ್ಕನ್ನು ಅವರು ಕೊಳ್ಳಲಿಲ್ಲ, ಅಂಗಿ ಕಾಲರಿನೊಳಗೆ ಇಡುವ ಪ್ಲಾಸ್ಟಿಕ್ ಪಟ್ಟಿಯನ್ನೇ ಕತ್ತರಿಸಿಕೊಂಡು ಬಂದಿದ್ದರು. ಮಕ್ಕಳೆಲ್ಲ ಬೆರಳ ತುದಿ ಉರಿಯುತ್ತದೆಂದು ಗೋಳಾಡಿದರೆ ಇವರಿಗೆ ಅದೇನೂ ಇಲ್ಲ. ಮೂವತ್ತು ವರ್ಷ ಸೂಜಿ ಚುಚ್ಚಿಸಿಕೊಂಡ ಬೆರಳಿಗೆ ತಂತಿ ಯಾವ ಲೆಕ್ಕ?

ಗಿಟಾರ್ ಗೊತ್ತಿಲ್ಲದವರಿಗೆ ಒಂದು ಮಾತು. ಎಡಗೈ ತಂತಿಗಳನ್ನು ಒತ್ತಿ ಹಿಡಿಯುತ್ತದೆ, ಅದು ಕಾರ್ಡ್. ಬಲಗೈ ತಂತಿಗಳ ಮೇಲೆ ಕೆಳಕ್ಕೂ ಮೇಲಕ್ಕೂ ಬೀಸುತ್ತದೆ, ಅದು ಸ್ಟ್ರಮ್ಮಿಂಗ್. ಎಲ್ಲರೂ ನೋಡುವುದು ಎಡಗೈಯನ್ನು. ಹಾಡನ್ನು ಹೊತ್ತುಕೊಂಡು ಹೋಗುವುದು ಬಲಗೈ. ಅದರ ಕೆಲವು ಬೀಸು ತಂತಿಗೆ ತಾಗಬೇಕು, ಕೆಲವು ತಾಗಬಾರದು. ತಾಗದ ಬೀಸಿನಲ್ಲೂ ಕೈ ಮಾತ್ರ ಹೋಗಲೇಬೇಕು. (ನಾನೂ ಹದಿನೇಳು ದಿನ ಕಲಿತವನೇ. ಗಿಟಾರೇ ಸರಿ ಇಲ್ಲ ಎಂದು ಅಂಗಡಿಗೆ ವಾಪಸು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.)

ಟೈಲರಮ್ಮನ ಪಾದ ತಾಳ ತಪ್ಪುತ್ತಿರಲಿಲ್ಲ, ಮಷಿನ್ ತುಳಿದ ಪಾದ ಅದು. ತೊಂದರೆ ಬೇರೆ ಕಡೆ ಇತ್ತು. ‘ಜಿ’ ಕಾರ್ಡಿನಿಂದ ‘ಸಿ’ಗೆ ಹೋಗುವಾಗ ಎಡಗೈ ಬೆರಳು ತಡವರಿಸಿದ ಕೂಡಲೇ ಬಲಗೈ ತಂತಿ ಬಿಟ್ಟು ಸರಕ್ಕನೆ ಬಲಕ್ಕೆ ಹಾರಿ, ಗಾಳಿಯಲ್ಲಿ ಅಂಗೈ ಒತ್ತಿ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಅದೇ ಜಾಗದಲ್ಲಿ.

“ಅಮ್ಮಾ, ಅಲ್ಲೇನಿದೆ?” ಎಂದು ಒಂದು ಭಾನುವಾರ ಮೇಷ್ಟ್ರು ಕೇಳಿದರು. “ತಪ್ಪಾದಾಗಲೆಲ್ಲ ಕೈ ಅಲ್ಲೇನೋ ಹಿಡಿಯೋಕೆ ಹೋಗುತ್ತಲ್ಲ?”

ಟೈಲರಮ್ಮ ತಮ್ಮ ಅಂಗೈಯನ್ನು ನೋಡಿಕೊಂಡರು. “ಚಕ್ರ. ಮಷಿನ್ ಚಕ್ರ. ಹೊಲಿಗೆ ತಪ್ಪಿದ್ರೆ ಅದರ ಮೇಲೆ ಕೈ ಹಾಕಿ ನಿಲ್ಲಿಸ್ತೀವಿ. ನಿಲ್ಲಿಸು, ಬಿಚ್ಚು, ಮೊದಲಿಂದ ಹಾಕು. ಇಲ್ದಿದ್ರೆ ಬಟ್ಟೆ ಹಾಳು.”

“ಇಲ್ಲಿ ಬಿಚ್ಚೋಕಾಗಲ್ಲಮ್ಮ. ಎಡಗೈ ತಪ್ಪಿದ್ರೆ ತಪ್ಪಲಿ, ಬಲಗೈ ನಿಲ್ಲಬಾರದು. ನಿಂತ್ರೆ ತಪ್ಪಾಗಿದ್ದು ಎಲ್ಲರಿಗೂ ಗೊತ್ತಾಗುತ್ತೆ. ಹೋಗ್ತಾ ಇದ್ರೆ ಅರ್ಧ ಜನಕ್ಕೆ ಗೊತ್ತೇ ಆಗಲ್ಲ.”

ಮಕ್ಕಳು ನಕ್ಕವು. ಟೈಲರಮ್ಮ ನಗಲಿಲ್ಲ. ಮಗಳಿಗೆ ಏಳು ವರ್ಷವಾಗಿದ್ದಾಗ ಕರ್ಚೀಫಿನ ಅಂಚು ಮಡಿಸಿ ಹೊಲಿಯಲು ಕಲಿಸಿದ್ದು ಇವರೇ. ನಿಲ್ಲಿಸು, ಬಿಚ್ಚು, ಮೊದಲಿಂದ ಹಾಕು ಎಂದು ಹೇಳಿಹೇಳಿ ಕೂಸಿನ ಕೈಗೆ ಹತ್ತಿಸಿದ್ದೂ ಇವರೇ.

“ಸ್ಟೇಜಲ್ಲಿ ಅವಳ ಹಾಡು ನಿಲ್ಲಿಸಿದ್ದು ನಾನೇ ರೀ,” ಅಂದರು ನನ್ನ ಪ್ಯಾಂಟಿನ ಉದ್ದ ಅಳೆಯುತ್ತಾ. ದನಿಯಲ್ಲಿ ಏರಿಳಿತವಿರಲಿಲ್ಲ.

೩

‘ಮಳೆ ಸುರಿಯುತ್ತಿದ್ದ ಆ ಸಂಜೆ, ಬಸ್ಸಿನ ಕಿಟಕಿಗೆ ತಲೆ ಆನಿಸಿದ ತಾಯಿಯ ಕಣ್ಣಲ್ಲಿ...’

“ಬಸ್ಸೆಲ್ಲಿ ಬಂತು? ಮೇಷ್ಟ್ರ ರೂಮು ಎರಡು ಬೀದಿ ಆಚೆ.”

ಸರಿ. ಇದನ್ನೂ ಬಿಟ್ಟೆ.

“ಇದು ಎಷ್ಟನೇ ಸಲ ನಿಲ್ಲಿಸ್ತಾ ಇರೋದು ನೀವು?”

“ಇದು ಆಧುನಿಕೋತ್ತರ ಕಥೆ ಅಮ್ಮಾ. ನಿಲ್ಲಿಸಿ ನಿಲ್ಲಿಸಿ ಬರೆಯೋದೇ ಇದರ ಸ್ಟೈಲು.”

“ಬರದೇ ಇರೋದಕ್ಕೆ ಒಳ್ಳೇ ಹೆಸರಿಟ್ಟಿದ್ದೀರಿ ಬಿಡಿ.”

ಓದುಗರೇ, ನೀವೂ ನಕ್ಕಿರಬಹುದು. ನನ್ನ ಮೇಜಿನ ಡ್ರಾಯರಿನಲ್ಲಿ ಒಂದೂವರೆ ಪುಟಕ್ಕೆ ನಿಂತ ಕಥೆಗಳ ಒಂದು ಕಟ್ಟೇ ಇದೆ. ಅದರ ಬಗ್ಗೆ ನಾನು ಎರಡು ಕಡೆ ಉಪನ್ಯಾಸವನ್ನೂ ಕೊಟ್ಟಿದ್ದೇನೆ, ಅಪೂರ್ಣತೆಯ ಸೌಂದರ್ಯ ಅಂತ. ಟೈಲರಮ್ಮ ಆ ಉಪನ್ಯಾಸಕ್ಕೆ ಬಂದಿರಲಿಲ್ಲ, ನನ್ನ ಪುಣ್ಯ. ಇನ್ನು ಮೇಲೆ ಸಂಖ್ಯೆ ಹಾಕುವುದಿಲ್ಲ, ಹೊಡೆದು ಹಾಕುವುದೂ ಇಲ್ಲ. ತಪ್ಪಿದರೆ ತಪ್ಪಲಿ.

ಅವರು ಏನು ಮಾಡಿದರು ಗೊತ್ತೇ? ದಿನದ ಕೆಲಸ ಮುಗಿದ ಮೇಲೆ ಮಷಿನ್ನಿನ ಬೆಲ್ಟು ಕಳಚಿದರು. ಬೆಲ್ಟಿಲ್ಲದಿದ್ದರೆ ಕೆಳಗೆ ಪೆಡಲು ಎಷ್ಟು ತುಳಿದರೂ ಮೇಲಿನ ಚಕ್ರ ತಿರುಗುವುದಿಲ್ಲ. ಅಲ್ಲೇ ಕೂತು, ಪೆಡಲು ತುಳಿಯುತ್ತಾ ಗಿಟಾರ್ ನುಡಿಸಿದರು. ಬೆರಳು ತಪ್ಪಿದಾಗ ಬಲಗೈ ಅಭ್ಯಾಸದಂತೆ ಚಕ್ರಕ್ಕೆ ಹಾರುತ್ತಿತ್ತು. ಚಕ್ರ ಮೊದಲೇ ಸುಮ್ಮನೆ ನಿಂತಿರುತ್ತಿತ್ತು, ಕೆಳಗೆ ಪಾದ ಮಾತ್ರ ಓಡುತ್ತಲೇ ಇರುತ್ತಿತ್ತು. ನಿಲ್ಲಿಸಲು ಏನೂ ಇಲ್ಲದ ಕೈ ಪೆಚ್ಚಾಗಿ ತಂತಿಗೆ ವಾಪಸು ಬರುತ್ತಿತ್ತು. ದಿನಾ ಅರ್ಧ ಗಂಟೆ, ಏಳು ವಾರ. ಮಗಳು ಲ್ಯಾಬಿನಿಂದ ಬರುವ ಹೊತ್ತಿಗೆ ಗಿಟಾರ್ ಮತ್ತೆ ಬೀರುವಿನ ಮೇಲೆ. ಮರುದಿನ ಬೆಳಿಗ್ಗೆ ಬೆಲ್ಟು ಹಾಕಿ, ತಪ್ಪಿದಲ್ಲಿ ನಿಲ್ಲಿಸಿ ಬಿಚ್ಚುವ ಅದೇ ಹಳೇ ಕೆಲಸ. ಗಿರಾಕಿಯ ಅಂಗಿ ಕೆಡಬಾರದಲ್ಲ! ಹೊಟ್ಟೆಪಾಡಿಗೆ ಕಲಿತ ಅಭ್ಯಾಸವನ್ನು ಹಗಲೆಲ್ಲ ಇಟ್ಟುಕೊಂಡು, ಸಂಜೆ ಅದೇ ಕೈಯಿಂದ ಅದನ್ನು ಬಿಡಿಸುವುದು ಹುಡುಗಾಟವಲ್ಲ. ನಾನು ಮೆಚ್ಚಿದ ಸಂಗೀತಗಾರರು ಬಹಳ ಮಂದಿ ಇದ್ದಾರೆ. ಈ ಹೆಂಗಸನ್ನು ಮೆಚ್ಚಿದಷ್ಟು ಯಾರನ್ನೂ ಮೆಚ್ಚಿಲ್ಲ.

ಏಳನೇ ವಾರದ ಶನಿವಾರ ಸಂಜೆ, ಕೊನೆಗೂ ಸಿದ್ಧವಾದ ಪ್ಯಾಂಟು ತರಲು ಹೋದೆ. “ಕೂತ್ಕೊಳ್ಳಿ, ಇದೊಂದು ಮುಗಿಸ್ತೀನಿ,” ಎಂದು ಟೈಲರಮ್ಮ ನುಡಿಸುತ್ತಿದ್ದರು. ಮಗಳು ಎಳೆಯಳಾಗಿದ್ದಾಗ ತಾನೇ ಕಟ್ಟಿಕೊಂಡು ಹಾಡುತ್ತಿದ್ದ ಹಾಡು, ನಾಲ್ಕೇ ಕಾರ್ಡು. ಅಷ್ಟರಲ್ಲಿ ಮಗಳು ಬೇಗ ಬಂದುಬಿಟ್ಟಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

“ಅಮ್ಮಾ, ಸಿ ತಪ್ಪು.”

“ಗೊತ್ತು,” ಅಂದರು ಅಮ್ಮ. ಕೈ ನಿಲ್ಲಲಿಲ್ಲ.

ತಪ್ಪು ಹೇಳಿದ ಮೇಲೂ ಅಮ್ಮ ನಿಲ್ಲಿಸದೇ ಇದ್ದದ್ದನ್ನು ಆ ಹುಡುಗಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇನ್ನೇನು ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಕೈಯನ್ನೇ ನೋಡಿದಳು. ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಮೂರನೇ ಸುತ್ತಿಗೆ, ಬೇಕೆಂದು ಅಲ್ಲ, ಅವಳ ಬಾಯಿಂದ ಮೊದಲ ಸಾಲು ಬಂತು. ಒರಟಾದ, ಮೂರು ವರ್ಷ ಮಡಿಸಿಟ್ಟ ದನಿ. ಎರಡನೇ ಸಾಲಿಗೆ ಸ್ವರ ಒಡೆಯಿತು. ನಿಲ್ಲಿಸಿಬಿಟ್ಟಳು.

(ಈಗ ನನ್ನ ಕೈಯಲ್ಲಿ ಎರಡು ಅಂತ್ಯಗಳಿವೆ. ಒಂದರಲ್ಲಿ ದೊಡ್ಡ ಸ್ಟೇಜು, ತಾಯಿ ಮಗಳು, ಕಿವಿಗಡಚಿಕ್ಕುವ ಚಪ್ಪಾಳೆ. “ಬೇಡ, ನನಗೆ ಜನ ಕಂಡ್ರೆ ಭಯ,” ಅಂದರು ಟೈಲರಮ್ಮ ನುಡಿಸುತ್ತಲೇ. ಇನ್ನೊಂದರಲ್ಲಿ ಮಗಳು ಓಡಿಬಂದು ಅಮ್ಮನನ್ನು ತಬ್ಬಿ ಅಳುತ್ತಾಳೆ. “ತಬ್ಬಿದ್ರೆ ನಾನು ನುಡಿಸೋದು ಹೇಗೆ?” ಹಾಗಾದರೆ ಏನಾಗುತ್ತೆ ಅಂತ ನೀವೇ ಹೇಳಿ ಅಂದೆ. “ಮಾತಾಡಿಸ್ಬೇಡಿ, ಎಣಿಸ್ತಾ ಇದ್ದೀನಿ.”)

ಮಗಳು ಗೋಡೆಗೆ ಒರಗಿದ್ದಳು. ಮುಖ ಸ್ಟೇಜಿನಿಂದ ಇಳಿದ ದಿನ ಹೇಗಿತ್ತೋ ಹಾಗೇ ಆಗಿತ್ತಂತೆ. ಓರೆಗಣ್ಣಿನಲ್ಲಿ ಕಂಡಿದ್ದನ್ನು ಆಮೇಲೆ ಟೈಲರಮ್ಮನೇ ಹೇಳಿದ್ದು. ಆ ಹೊತ್ತಿನಲ್ಲಿ ಅವರು ಮಗಳ ಕಡೆ ತಿರುಗಲೂ ಇಲ್ಲ. ಹಾಡಿಲ್ಲದ ಜಾಗದಲ್ಲೂ ಬಲಗೈ ಕೆಳಕ್ಕೆ, ಮೇಲಕ್ಕೆ, ತಂತಿಗೆ ತಾಗಿ, ತಾಗದೆ, ಹೋಗುತ್ತಲೇ ಇತ್ತು.

“ಸಾರಿ ಅಮ್ಮಾ,” ಅಂದಳು ಮಗಳು. “ಮೊದಲಿಂದ ಹಾಡ್ಲಾ?”

“ಮೊದಲಿಂದ ಯಾಕೆ ಪುಟ್ಟಿ? ಇದ್ದಲ್ಲಿಂದ ಸೇರ್ಕೋ.”

ಸೇರಿಕೊಂಡಳೇ ಎಂದು ಕೇಳುತ್ತೀರಿ. ನಾನು ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಿದ್ದೇನೆ. ಟೈಲರಮ್ಮ ಎಣಿಸುತ್ತಿದ್ದಾರೆ. ಮಗಳು ಒಂದು ಚಪ್ಪಲಿ ಬಿಟ್ಟಿದ್ದಾಳೆ, ಇನ್ನೊಂದು ಕಾಲಿನಲ್ಲೇ ಇದೆ, ಆ ಕಾಲು ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಿದೆ.